ಡಿ ಆನ್ಜಾದಿಂದ ಬರ್ಕ್ಲಿ, ಯುಸಿಎಲ್‌ಎಗೆ ಟ್ರಾನ್ಸ್‌ಫರ್: 3.72 ಜಿಪಿಎ ಇದ್ರೆ ಎಷ್ಟು ಆಸೆ ಇಟ್ಕೋಬಹುದು?

ಕೂಪರ್ಟಿನೊ_ಕಾಫಿ
ಎಲ್ಲರಿಗೂ ನಮಸ್ಕಾರ. ಅಣ್ಣನ ಮಗಳ ಅಂಕಪಟ್ಟಿ ಮುಂದಿಟ್ಕೊಂಡು ಕೇಳ್ತಿದೀನಿ, ಮುಲಾಜಿಲ್ಲದೆ ಹೇಳಿ. ಕ್ಯಾಲಿಫೋರ್ನಿಯಾದ ಡಿ ಆನ್ಜಾ ಕಮ್ಯುನಿಟಿ ಕಾಲೇಜಲ್ಲಿ (ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗೋ ಥರದ ಕಾಲೇಜು) ಒಂದು ವರ್ಷ ಮುಗಿದಿದೆ. ಮೇಜರ್, ಅಂದ್ರೆ ಮುಖ್ಯ ವಿಷಯ, ಕಂಪ್ಯೂಟರ್ ಸೈನ್ಸ್ (ಸಿಎಸ್). ಆಗಿರೋದು 48 ಕ್ವಾರ್ಟರ್ ಯೂನಿಟ್ (ವರ್ಷಕ್ಕೆ ಫಾಲ್, ವಿಂಟರ್, ಸ್ಪ್ರಿಂಗ್ ಅಂತ ಮೂರು ಅವಧಿ ಇರೋ ಕಾಲೇಜಿನ ಕ್ರೆಡಿಟ್): ಮ್ಯಾಥ್ 1ಎ, 1ಬಿ, 1ಸಿ (ಕ್ಯಾಲ್ಕುಲಸ್), ಫಿಸಿಕ್ಸ್ 4ಎ, ಮೊದಲನೇ ಇಂಗ್ಲಿಷ್, ಸಿ++ ಎರಡು ಕೋರ್ಸ್, ಉಳಿದದ್ದು ಹಿಸ್ಟರಿ, ಸೈಕಾಲಜಿ ಥರದ ಮೂರು. ಫಿಸಿಕ್ಸ್ 4ಎ (6 ಯೂನಿಟ್) ಬಿ, ಮ್ಯಾಥ್ 1ಸಿ (5 ಯೂನಿಟ್) ಬಿ, 4 ಯೂನಿಟ್‌ನ ಎರಡು ಕೋರ್ಸಲ್ಲಿ ಎ ಮೈನಸ್, ಉಳಿದದ್ದೆಲ್ಲ ಎ. ಜಿಪಿಎ (ಎಗೆ 4, ಬಿಗೆ 3 ಹೀಗೆ ಗ್ರೇಡ್‌ಗಳ ಸರಾಸರಿ) 3.72. ಮುಂದಿನ ವರ್ಷದ ಫಾಲ್‌ಗೆ ಯುಸಿಯ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಮೂರಕ್ಕೂ ಹಾಕ್ಬೇಕು ಅಂತಿದಾಳೆ. ಬರ್ಕ್ಲಿ, ಯುಸಿಎಲ್‌ಎ ಎರಡೂ ಟ್ರಾನ್ಸ್‌ಫರ್ ಅರ್ಜಿಗಳಲ್ಲಿ ನಾಲ್ಕರಲ್ಲಿ ಒಂದನ್ನ ತಗೋತಾವೆ ಅಂತ ಓದಿದೆ. ಹಾಗಾದ್ರೆ 25% ಆಸೆ ಇಟ್ಕೋಬಹುದಾ?

ಗಣಿತ_ಮೇಷ್ಟ್ರು
ಇಲ್ಲ. ಆ ನಾಲ್ಕರಲ್ಲಿ ಒಂದು ಅನ್ನೋದು ಇಡೀ ಕ್ಯಾಂಪಸ್‌ನ ಲೆಕ್ಕ. ಅದರಲ್ಲಿ ಹಿಸ್ಟರಿ, ಸೋಷಿಯಾಲಜಿ, ಇಂಗ್ಲಿಷ್ ಎಲ್ಲ ಸೇರಿದೆ. ಕಂಪ್ಯೂಟರ್ ಸೈನ್ಸ್ ಒಂದನ್ನೇ ತೆಗೆದು ನೋಡಿದ್ರೆ ಈ ಎರಡೂ ಕಡೆ ಪ್ರಮಾಣ ಒಂದಂಕಿಗೆ ಇಳಿಯುತ್ತೆ. ಯುಸಿ ಇನ್ಫರ್ಮೇಷನ್ ಸೆಂಟರ್ ಜಾಲತಾಣದಲ್ಲಿ ‘ಟ್ರಾನ್ಸ್‌ಫರ್ಸ್ ಬೈ ಮೇಜರ್’ ಅಂತ ಒಂದು ಪುಟ ಇದೆ. ಕ್ಯಾಂಪಸ್ ಆರಿಸಿ, ಮೇಜರ್ ಆರಿಸಿ. ಎಷ್ಟು ಜನ ಹಾಕಿದ್ರು, ಎಷ್ಟು ಜನಕ್ಕೆ ಸಿಕ್ತು, ಸಿಕ್ಕವರ ಜಿಪಿಎ ಎಲ್ಲಿಂದ ಎಲ್ಲಿವರೆಗೆ ಇತ್ತು, ಎಲ್ಲ ಬರುತ್ತೆ. ಅಲ್ಲಿ ಕೊಡೋ ಜಿಪಿಎ ವ್ಯಾಪ್ತಿ ನಡುವಿನ ಅರ್ಧದ್ದು, ಅಂದ್ರೆ 25ನೇ ಪರ್ಸೆಂಟೈಲ್‌ನಿಂದ 75ರವರೆಗೆ. ಕೆಳಗಿನ ಅಂಕಿಗಿಂತ ಕಮ್ಮಿ ಇದ್ದೂ ಸೀಟು ಸಿಕ್ಕವರು ನಾಲ್ಕರಲ್ಲಿ ಒಬ್ಬರು ಇರ್ತಾರೆ ಅಂತ ಅರ್ಥ, ಆದರೆ ಅವರ ಅರ್ಜಿಯಲ್ಲಿ ಬೇರೇನೋ ಗಟ್ಟಿ ಇರುತ್ತೆ.

ಹುಬ್ಳಿ_ಮಂದಿ
ಮೇಷ್ಟ್ರ ಮಾತು ಖರೆ ಐತ್ರಿ. ಮೊದ್ಲು ಮೇಜರ್ ನೋಡ್ರಿ, ಆಮ್ಯಾಲೆ ಕ್ಯಾಂಪಸ್.

ತುಂಗಾತೀರ
ಜಿಪಿಎ ಬಗ್ಗೆ ಒಂದು ಮಾತು. ಈಗಿರೋ 3.72 ಕೊನೆಯ ಅಂಕಿ ಅಲ್ಲ. ಅರ್ಜಿ ಹಾಕಿದ ಮೇಲೆ ಜನವರಿಯಲ್ಲಿ ‘ಟ್ರಾನ್ಸ್‌ಫರ್ ಅಕಡೆಮಿಕ್ ಅಪ್‌ಡೇಟ್’ ತುಂಬಬೇಕು, ಜನವರಿ 31ರ ಒಳಗೆ. ಅದರಲ್ಲಿ ಫಾಲ್ ಗ್ರೇಡ್‌ಗಳು ಹೋಗ್ತಾವೆ. ಲೆಕ್ಕ ಹಾಕೋಣ: ಈಗ 48 ಯೂನಿಟ್‌ಗೆ 178.6 ಪಾಯಿಂಟ್. ಫಾಲ್‌ನಲ್ಲಿ 16 ಯೂನಿಟ್ ತಗೊಂಡು ಎಲ್ಲದರಲ್ಲೂ ಎ ಬಂದ್ರೆ 64 ಸೇರಿ 242.6. ಅದನ್ನ 64 ಯೂನಿಟ್‌ನಿಂದ ಭಾಗಿಸಿದ್ರೆ 3.79. ಫಿಸಿಕ್ಸ್ 4ಬಿಯಲ್ಲಿ ಮತ್ತೆ ಬಿ ಬಂದ್ರೆ 6 ಪಾಯಿಂಟ್ ಹೋಗಿ 3.70ಕ್ಕೆ ಬಂದು ನಿಲ್ಲುತ್ತೆ. ಅಂದ್ರೆ ಫಾಲ್‌ನಲ್ಲಿ 16 ಯೂನಿಟ್ ತಗೊಂಡ್ರೆ ಯುಸಿಯವರು ನೋಡುವ ಜಿಪಿಎ 3.79 ದಾಟೋದು ಸಾಧ್ಯವೇ ಇಲ್ಲ. ವಿಂಟರ್, ಸ್ಪ್ರಿಂಗ್ ಗ್ರೇಡ್ ಬರೋ ಹೊತ್ತಿಗೆ ನಿರ್ಧಾರ ಆಗಿರುತ್ತೆ.

ಬೆಣ್ಣೆದೋಸೆ_ದಾವಣಗೆರೆ
ಆ ಎರಡು ಬಿ ಬಂದ ಕೋರ್ಸನ್ನ ಮತ್ತೆ ತಗೊಂಡು ಎ ಮಾಡ್ಕೊಳ್ಳೋಕೆ ಬರಲ್ವಾ?

ತುಂಗಾತೀರ
ಬರಲ್ಲ. ಸಿಗಿಂತ ಕೆಳಗಿನ ಗ್ರೇಡ್ ಬಂದ್ರೆ ಮಾತ್ರ ಮತ್ತೆ ತಗೊಂಡದ್ದನ್ನ ಯುಸಿ ಲೆಕ್ಕಕ್ಕೆ ಹಿಡಿಯುತ್ತೆ. ಸಿ ಅಥವಾ ಮೇಲೆ ಬಂದಿದ್ರೆ ಅಲ್ಲಿಗೆ ಮುಗೀತು. ಬೇರೆ ಕಾಲೇಜಲ್ಲಿ ಗುಟ್ಟಾಗಿ ತಗೊಂಡ್ರೂ ಪ್ರಯೋಜನ ಇಲ್ಲ, ಓದಿದ ಪ್ರತಿ ಕಾಲೇಜಿನ ಗ್ರೇಡನ್ನೂ ಅರ್ಜಿಯಲ್ಲಿ ತೋರಿಸಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ರೆ ಸಿಕ್ಕ ಸೀಟೂ ಹೋಗುತ್ತೆ. ಇನ್ನೊಂದು: ಎ ಪ್ಲಸ್‌ಗೂ 4.0, ಎಗೂ 4.0. ಎ ಮೈನಸ್ ಮಾತ್ರ 3.7.

ಕಡಲತೀರ_ಉಡುಪಿ
ಜಿಪಿಎ ಜಿಪಿಎ ಅಂತ ಎಲ್ಲರೂ ಅಲ್ಲೇ ನಿಂತಿದ್ದೀರಿ ಮಾರಾಯ್ರೆ. ಇಂಥ ಮೇಜರ್‌ನಲ್ಲಿ ಅರ್ಜಿ ಬಿದ್ದುಹೋಗುವುದಕ್ಕೆ ದೊಡ್ಡ ಕಾರಣ ಬೇರೆ ಉಂಟು: ಮೇಜರ್‌ಗೆ ಬೇಕಾದ ಕೋರ್ಸು ಪೂರ್ತಿ ಆಗಿರುವುದಿಲ್ಲ. ಅಸಿಸ್ಟ್ ಡಾಟ್ ಆರ್ಗ್ ತೆರೆದು, ಡಿ ಆನ್ಜಾದಿಂದ ಬರ್ಕ್ಲಿ ಕಂಪ್ಯೂಟರ್ ಸೈನ್ಸ್ ಅಂತ ಹಾಕಿ. ಎಡಗಡೆ ಬರ್ಕ್ಲಿಯ ಕೋರ್ಸು, ಬಲಗಡೆ ಅದಕ್ಕೆ ಸಮನಾದ ಡಿ ಆನ್ಜಾ ಕೋರ್ಸು ಬರುತ್ತದೆ. ಸಾಲು ಸಾಲಾಗಿ ಟಿಕ್ ಹಾಕುತ್ತಾ ಹೋಗಿ. ಅದೇ ಕೆಲಸ ಯುಸಿಎಲ್‌ಎಗೆ ಒಮ್ಮೆ, ಸ್ಯಾನ್ ಡಿಯೇಗೊಗೆ ಒಮ್ಮೆ. ಮೂರು ಪಟ್ಟಿಯೂ ಒಂದೇ ಅಲ್ಲ!

ಒಂದು ಉದಾಹರಣೆ. ಬರ್ಕ್ಲಿಯ ಮ್ಯಾಥ್ 54ರಲ್ಲಿ ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ ಎರಡೂ ಸೇರಿವೆ. ಡಿ ಆನ್ಜಾದಲ್ಲಿ ಅವು ಬೇರೆ ಬೇರೆ, 2ಬಿ ಮತ್ತು 2ಎ. ಒಂದನ್ನು ಮಾತ್ರ ಮುಗಿಸಿ ‘ಲೀನಿಯರ್ ಆಲ್ಜೀಬ್ರಾ ಆಯ್ತಲ್ಲ’ ಅಂದುಕೊಂಡರೆ ಅರ್ಧ ಕೋರ್ಸು ಖಾಲಿ. ಯುಸಿಎಲ್‌ಎಯಲ್ಲಿ ಸಿಎಸ್ ಇಂಜಿನಿಯರಿಂಗ್ ಕಾಲೇಜಿನ ಕೆಳಗೆ ಬರುತ್ತದೆ, ಅಲ್ಲಿ ಫಿಸಿಕ್ಸ್ ಸರಣಿ ಬೇಕು. ಬರ್ಕ್ಲಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮತ್ತು ಸಿಎಸ್ ಸೇರಿದ ಇಇಸಿಎಸ್‌ಗೆ ಫಿಸಿಕ್ಸ್ ಬೇಕು, ಬರೀ ಸಿಎಸ್‌ಗೆ ಬೇಡ. ಅಣ್ಣನ ಮಗಳು ಎರಡೂ ಕಡೆ ಹಾಕುವುದಾದರೆ ಫಿಸಿಕ್ಸ್ ಬಿಡುವ ಹಾಗಿಲ್ಲ, ಹಾಗೇ ಅದರಲ್ಲಿ ಇನ್ನೊಂದು ಬಿ ತರುವ ಹಾಗೂ ಇಲ್ಲ.

ಗಣಿತ_ಮೇಷ್ಟ್ರು
ಇದಕ್ಕೆ ಸೇರಿಸ್ತೀನಿ. ಕ್ಯಾಲ್ಕುಲಸ್ ಸರಣಿಯನ್ನ ಒಂದೇ ಕಾಲೇಜಲ್ಲಿ ಮುಗಿಸಬೇಕು. ಡಿ ಆನ್ಜಾ, ಫುಟ್‌ಹಿಲ್ ಕ್ವಾರ್ಟರ್ ಪದ್ಧತಿ, ನಾಲ್ಕು ಭಾಗ. ಓಲೋನಿ, ಡಯಾಬ್ಲೊ ವ್ಯಾಲಿ ಸೆಮಿಸ್ಟರ್ ಪದ್ಧತಿ, ಮೂರು ಭಾಗ. 1ಸಿ ಆದ ಮೇಲೆ ‘1ಡಿಗೆ ಸೀಟು ಸಿಗ್ಲಿಲ್ಲ, ಓಲೋನಿಯಲ್ಲಿ ಮೂರನೇ ಭಾಗ ತಗೋತೀನಿ’ ಅಂದ್ರೆ ಕೆಲವು ಅಧ್ಯಾಯ ಎರಡೆರಡು ಸಲ ಬರುತ್ತೆ, ಕೆಲವು ಬಿಟ್ಟೇ ಹೋಗುತ್ತೆ, ಕೊನೆಗೆ ಅಸಿಸ್ಟ್‌ನಲ್ಲಿ ಯಾವುದಕ್ಕೂ ತಾಳೆ ಆಗಲ್ಲ.

ಮೈಸೂರು_ಮಲ್ಲಿಗೆ_ಮೊಗ್ಗು
ಕೋರ್ಸ್‌ಗಳನ್ನ ಹೀಗೆ ಜೋಡಿಸಿ ನೋಡಿ. ಫಾಲ್: ಮ್ಯಾಥ್ 1ಡಿ (5), ಫಿಸಿಕ್ಸ್ 4ಬಿ (6), ಎರಡನೇ ಇಂಗ್ಲಿಷ್ (5). ಒಟ್ಟು 16. ವಿಂಟರ್, ಸ್ಪ್ರಿಂಗ್‌ನಲ್ಲಿ ಮ್ಯಾಥ್ 2ಎ, 2ಬಿ, ಡಿಸ್ಕ್ರೀಟ್ ಮ್ಯಾಥ್, ಡೇಟಾ ಸ್ಟ್ರಕ್ಚರ್ಸ್, ಜೊತೆಗೆ ಒಂದೆರಡು ಸಾಮಾನ್ಯ ಕೋರ್ಸ್. ಸ್ಪ್ರಿಂಗ್ ಮುಗಿಯೋ ಹೊತ್ತಿಗೆ ಯುಸಿ ಒಪ್ಪುವ 90 ಕ್ವಾರ್ಟರ್ ಯೂನಿಟ್ ಆಗ್ಲೇಬೇಕು. ಸೆಮಿಸ್ಟರ್ ಕಾಲೇಜಿನವರಿಗೆ 60. ಫಾಲ್ ಮುಗಿದಾಗ 64 ಆಗಿರುತ್ತೆ, ಉಳಿದದ್ದು 26, ಅಂದ್ರೆ ಕ್ವಾರ್ಟರ್‌ಗೆ 13. ಆಗುತ್ತೆ. ಆದರೆ ಯಾವ ಕೋರ್ಸನ್ನೂ ಮುಂದಿನ ಬೇಸಿಗೆಗೆ ತಳ್ಳಬೇಡಿ. ಫಾಲ್‌ಗೆ ಸೇರುವವರ ಕನಿಷ್ಠ ಅರ್ಹತೆಗೆ ಆ ಬೇಸಿಗೆ ಲೆಕ್ಕಕ್ಕಿಲ್ಲ ಕಣ್ರೀ.

ಹುಬ್ಳಿ_ಮಂದಿ
ಎರಡನೇ ಇಂಗ್ಲಿಷ್ ಫಾಲ್‌ನ್ಯಾಗ ಇಟ್ಟಿದ್ದು ಭಾಳ ಚಲೋ ಆತು. ಅದನ್ನ ಸ್ಪ್ರಿಂಗ್‌ಗೆ ಬಿಟ್ಟು, ಆ ಕ್ಲಾಸು ತುಂಬಿಹೋದ್ರ ಏಳು ಕೋರ್ಸಿನ ಕನಿಷ್ಠ ನಿಯಮಾನೇ ತಪ್ಪತೈತಿ. ಇಂಗ್ಲಿಷ್ ಎರಡು, ಗಣಿತ ಒಂದು, ಉಳಿದ ನಾಲ್ಕು ಕಲೆ, ಸಮಾಜ ವಿಜ್ಞಾನ, ವಿಜ್ಞಾನ ಈ ಮೂರರಾಗ ಕನಿಷ್ಠ ಎರಡು ಕಡೆಯಿಂದ. ಎಲ್ಲಾದರಾಗೂ ಸಿ ಅಥವಾ ಮ್ಯಾಲೆ.

ಬೆಣ್ಣೆದೋಸೆ_ದಾವಣಗೆರೆ
ನನ್ನದೊಂದು ಉಪಾಯ. ಬರ್ಕ್ಲಿಗೆ ಸಿಎಸ್ ಬದಲು ಗಣಿತ ಅಂತ ಹಾಕಿ ಒಳಗೆ ಹೋಗ್ಲಿ, ಆಮೇಲೆ ಸಿಎಸ್‌ಗೆ ಬದಲಾಯಿಸ್ಕೊಳ್ಳಲಿ. ಗಣಿತಕ್ಕೆ ಪೈಪೋಟಿ ಕಮ್ಮಿ ಅಲ್ವಾ?

ಕಡಲತೀರ_ಉಡುಪಿ
ಈ ಉಪಾಯ ಹೇಳಿ ಎಷ್ಟು ಮಕ್ಕಳನ್ನು ದಾರಿ ತಪ್ಪಿಸಿದ್ದಾರೋ! ಬರ್ಕ್ಲಿಯಲ್ಲಿ ಸಿಎಸ್ ಈಗ 2023ರಲ್ಲಿ ಶುರುವಾದ ಕಂಪ್ಯೂಟಿಂಗ್, ಡೇಟಾ ಸೈನ್ಸ್ ಕಾಲೇಜಿನ ಕೆಳಗೆ ಉಂಟು, ಪ್ರವೇಶ ಅರ್ಜಿಯಲ್ಲೇ ಆ ಮೇಜರ್‌ಗೆ ಆಯ್ಕೆ ಆಗಬೇಕು. ಟ್ರಾನ್ಸ್‌ಫರ್ ಆಗಿ ಬಂದವರಿಗೆ ಇರುವುದೇ ಎರಡು ವರ್ಷ, ಒಳಗೆ ಹೋಗಿ ಮೇಜರ್ ಬದಲಿಸುವ ಬಾಗಿಲು ಮುಚ್ಚಿದೆ ಅಂತಲೇ ತಿಳಿಯಬೇಕು. ಯುಸಿಎಲ್‌ಎ ಇಂಜಿನಿಯರಿಂಗ್‌ನಲ್ಲೂ ಅದೇ ಕಥೆ. ಗಣಿತ ಇಷ್ಟ ಇದ್ದು, ಗಣಿತದ ಡಿಗ್ರಿಯನ್ನೇ ಮುಗಿಸುವ ಮನಸ್ಸಿದ್ದರೆ ಮಾತ್ರ ಹಾಕಬೇಕು.

ಮೈಸೂರು_ಮಲ್ಲಿಗೆ_ಮೊಗ್ಗು
ಪೂರ್ತಿ ಒಪ್ಪಲ್ಲ. ಮೋಸದ ದಾರಿಯಾಗಿ ಅಲ್ಲ, ನಿಜವಾದ ಆಯ್ಕೆಯಾಗಿ ಅಪ್ಲೈಡ್ ಮ್ಯಾಥ್, ಕಾಗ್ನಿಟಿವ್ ಸೈನ್ಸ್, ಸ್ಟ್ಯಾಟಿಸ್ಟಿಕ್ಸ್ ಇವನ್ನ ಯೋಚಿಸೋದರಲ್ಲಿ ತಪ್ಪಿಲ್ಲ. ಸಾಫ್ಟ್‌ವೇರ್ ಕೆಲಸಕ್ಕೆ ಡಿಗ್ರಿಯ ಹೆಸರು ಸಿಎಸ್ ಅಂತಲೇ ಇರಬೇಕು ಅನ್ನೋದೇನೂ ಇಲ್ಲ. ಆದರೆ ಒಂದು ಮಾತು, ಮೇಜರ್ ಬದಲಾದ್ರೆ ಅಸಿಸ್ಟ್ ಪಟ್ಟಿಯೂ ಬದಲಾಗುತ್ತೆ.

ಕೂಪರ್ಟಿನೊ_ಕಾಫಿ
ತುಂಬ ಉಪಕಾರ ಆಯ್ತು. ಅಸಿಸ್ಟ್ ತೆಗೆದು ನೋಡಿದ್ವಿ, 2ಎ ಅವಳ ಯೋಜನೆಯಲ್ಲೇ ಇರಲಿಲ್ಲ. ಪ್ರಬಂಧದ ಬಗ್ಗೆ ಏನಾದ್ರೂ? ಮತ್ತೆ ‘ಟ್ಯಾಗ್’ ಅಂತಾರಲ್ಲ, ಅದು ಈ ಮೂರಕ್ಕೂ ಸಿಗುತ್ತಾ?

ತುಂಗಾತೀರ
ಟ್ಯಾಗ್ ಅಂದ್ರೆ ಪ್ರವೇಶದ ಖಾತರಿ ಒಪ್ಪಂದ. ಅವಳು ಹೇಳೋ ಮೂರೂ ಅದನ್ನ ಕೊಡಲ್ಲ. ಕೊಡೋದು ಆರು: ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್, ರಿವರ್‌ಸೈಡ್, ಮರ್ಸೆಡ್. ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಸೆಪ್ಟೆಂಬರ್ 1ರಿಂದ 30ರೊಳಗೆ. ಹಾಕೋ ಹೊತ್ತಿಗೆ 45 ಕ್ವಾರ್ಟರ್ ಯೂನಿಟ್ ಆಗಿರಬೇಕು. ಅವಳಿಗೆ 48 ಇದೆ, ಸರಿಹೋಯ್ತು. ಮೊದಲನೇ ಇಂಗ್ಲಿಷ್ ಮತ್ತು ಗಣಿತ ಫಾಲ್ ಒಳಗೆ ಆಗಿರಬೇಕು, ಅದೂ ಆಗಿದೆ. ಆದರೆ ಎಲ್ಲ ಮೇಜರ್‌ಗೂ ಟ್ಯಾಗ್ ಇಲ್ಲ. ಸಾಂತಾ ಬಾರ್ಬರಾದಲ್ಲಿ ಸಿಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿದೆ, ಅದಕ್ಕೆ ಟ್ಯಾಗ್ ಕೊಡಲ್ಲ. ಬೇಡಿಕೆ ಇರೋ ಮೇಜರ್‌ಗಳನ್ನ ಕ್ಯಾಂಪಸ್‌ಗಳು ಪಟ್ಟಿಯಿಂದ ತೆಗೆದುಹಾಕ್ತಾ ಇರ್ತಾವೆ. ಯುಸಿಯವರು ಪ್ರತಿ ವರ್ಷ ‘ಟ್ಯಾಗ್ ಮ್ಯಾಟ್ರಿಕ್ಸ್’ ಅಂತ ಒಂದು ಪಟ್ಟಿ ಹಾಕ್ತಾರೆ, ಈ ವರ್ಷದ್ದನ್ನೇ ನೋಡಬೇಕು. ಹೋದ ವರ್ಷದ್ದು ನಂಬಿಕೊಂಡು ಕೂತ್ರೆ ಕೆಡುತ್ತೆ.

ಗಣಿತ_ಮೇಷ್ಟ್ರು
ಪ್ರಬಂಧಕ್ಕೆ ಬರ್ತೀನಿ. ನಾಲ್ಕು ಉತ್ತರ, ಒಂದೊಂದಕ್ಕೂ ಗರಿಷ್ಠ 350 ಪದ. ಒಂದು ಕಡ್ಡಾಯ: ಈ ಮೇಜರ್‌ಗೆ ಹೇಗೆ ತಯಾರಾಗಿದ್ದೀಯ ಅನ್ನೋದು. ಉಳಿದ ಏಳರಲ್ಲಿ ಮೂರು ಆರಿಸಬೇಕು. ಆ ಕಡ್ಡಾಯದ್ದರಲ್ಲೇ ಹೆಚ್ಚಿನ ಮಕ್ಕಳು ಎಡವೋದು. ‘ಚಿಕ್ಕಂದಿನಿಂದ ಕಂಪ್ಯೂಟರ್ ಅಂದ್ರೆ ಪ್ರಾಣ’ ಅಂತ ಶುರು ಮಾಡಿ 200 ಪದ ಅಲ್ಲೇ ಖರ್ಚು ಮಾಡ್ತಾರೆ. ಬೇಕಾದದ್ದು: ಯಾವ ಕೋರ್ಸಲ್ಲಿ ಏನು ಕಟ್ಟಿದೆ, ಯಾವುದು ಕೈಕೊಟ್ಟಿತು, ಸರಿಪಡಿಸೋಕೆ ಏನು ಮಾಡಿದೆ, ಅದರಿಂದ ಮುಂದೇನು ಓದಬೇಕು ಅನ್ನಿಸ್ತು. ಫಿಸಿಕ್ಸ್‌ನ ಬಿಗೆ ನಿಜವಾದ ಕಾರಣ ಇದ್ರೆ ಅದಕ್ಕೆ ‘ಹೆಚ್ಚುವರಿ ಮಾಹಿತಿ’ ಜಾಗ ಇದೆ, ಎರಡು ಸಾಲು ಸಾಕು. ಸಬೂಬು ಬೇಡ.

ಚಟುವಟಿಕೆ, ಬಹುಮಾನ ಎಲ್ಲ ಸೇರಿ 20ರವರೆಗೆ ಹಾಕಬಹುದು. ಟ್ಯೂಷನ್ ಹೇಳೋದು, ಅಂಗಡಿಯಲ್ಲಿ ವಾರಕ್ಕೆ 15 ಗಂಟೆ ಕೆಲಸ, ಮನೇಲಿ ಅಜ್ಜಿಯನ್ನ ನೋಡ್ಕೊಳ್ಳೋದು, ಎಲ್ಲವೂ ಸಲ್ಲುತ್ತೆ. ನಮ್ಮವರು ಭರತನಾಟ್ಯ, ಕನ್ನಡ ಕೂಟದ ನಾಟಕ ಇವನ್ನ ಹಾಕೋಕೆ ಸಂಕೋಚ ಪಡ್ತಾರೆ. ಯಾಕೆ? ವಾರಕ್ಕೆ ಎಷ್ಟು ಗಂಟೆ, ಏನು ಜವಾಬ್ದಾರಿ ಅಂತ ಬರೆದು ಹಾಕಿ. ಶಿಫಾರಸು ಪತ್ರವನ್ನ ಯುಸಿ ಅರ್ಜಿಯಲ್ಲಿ ಕೇಳಲ್ಲ, ಸ್ಯಾಟ್ ಅಂಕ ನೋಡೋದೇ ಇಲ್ಲ. ಹಾಗಾಗಿ ಗ್ರೇಡ್, ಕೋರ್ಸ್, ಬರವಣಿಗೆ ಈ ಮೂರರ ಮೇಲೇ ಭಾರ.

ವಿಟಿಯು_ನಾಲ್ಕನೇ_ಸೆಮ್
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಇಲ್ಲಿಂದ ನೇರವಾಗಿ ಬರ್ಕ್ಲಿಗೆ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗಬಹುದಾ? ಸಿಜಿಪಿಎ 9.1.

ಕಡಲತೀರ_ಉಡುಪಿ
ಅರ್ಜಿ ಹಾಕಬಹುದು. ಸಿಗುವುದು ತೀರಾ ಕಷ್ಟ. ಯುಸಿಯಲ್ಲಿ ಟ್ರಾನ್ಸ್‌ಫರ್‌ಗೆ ಮೊದಲ ಸಾಲು ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನವರದ್ದು. ಯುಸಿಎಲ್‌ಎ ತೆಗೆದುಕೊಳ್ಳುವ ಟ್ರಾನ್ಸ್‌ಫರ್ ಮಕ್ಕಳಲ್ಲಿ 90%ಕ್ಕೂ ಹೆಚ್ಚು ಅಲ್ಲಿಂದಲೇ ಬರುತ್ತಾರೆ. ಒಂದು ಯುಸಿ ಕ್ಯಾಂಪಸ್‌ನಿಂದ ಇನ್ನೊಂದಕ್ಕೆ ಹೋಗುವವರೂ ಅವರ ಹಿಂದೆಯೇ ನಿಲ್ಲಬೇಕು. ಜೊತೆಗೆ ನಿಮ್ಮ ಸಿಲಬಸ್‌ನಲ್ಲಿ ಎರಡು ಇಂಗ್ಲಿಷ್ ಕಾಂಪೊಸಿಷನ್ ಕೋರ್ಸು ಎಲ್ಲಿ ಉಂಟು? ಕಮ್ಯುನಿಕೇಷನ್ ಇಂಗ್ಲಿಷ್ ಅದಕ್ಕೆ ಸಮ ಆಗುವುದಿಲ್ಲ. ಕಲೆ, ಸಮಾಜ ವಿಜ್ಞಾನದ ಕೋರ್ಸುಗಳೂ ಬೆರಳೆಣಿಕೆ. ಹಾಕುವುದೇ ಆದರೆ ಗ್ರೇಡನ್ನು ಇದ್ದ ಹಾಗೇ ಬರೆಯಿರಿ, ನೀವೇ 4.0ಕ್ಕೆ ಪರಿವರ್ತಿಸಬೇಡಿ.

ಮೈಸೂರು_ಮಲ್ಲಿಗೆ_ಮೊಗ್ಗು
9.1 ಇಟ್ಕೊಂಡು ಬಿಇ ಮುಗಿಸಿ ಎಂಎಸ್‌ಗೆ ಹಾಕಪ್ಪ. ಅದು ನೇರ ದಾರಿ. ಈಗ ಅರ್ಧಕ್ಕೆ ಬಿಟ್ರೆ ಎರಡು ವರ್ಷದ ಓದಿಗೆ ಅಲ್ಲಿ ಎಷ್ಟು ಕ್ರೆಡಿಟ್ ಸಿಗುತ್ತೆ ಅನ್ನೋದು ಸೇರೋವರೆಗೂ ಗೊತ್ತಾಗಲ್ಲ, ದುಡ್ಡು ಮಾತ್ರ ಪೂರ್ತಿ ಕಟ್ಟಬೇಕು.

ವಿಟಿಯು_ನಾಲ್ಕನೇ_ಸೆಮ್
ಸರಿ ಮೇಡಂ. ಖಾಸಗಿ ಯೂನಿವರ್ಸಿಟಿಗಳು?

ತುಂಗಾತೀರ
ಸ್ಟ್ಯಾನ್‌ಫರ್ಡ್, ಪ್ರಿನ್ಸ್‌ಟನ್ ಥರದವು ಟ್ರಾನ್ಸ್‌ಫರ್‌ನಲ್ಲಿ ತೀರಾ ಕೆಲವರನ್ನ ತಗೋತಾವೆ. ಪ್ರಿನ್ಸ್‌ಟನ್ ಅಂತೂ ದಶಕಗಳ ಕಾಲ ನಿಲ್ಲಿಸಿ, 2018ರಲ್ಲಿ ಮತ್ತೆ ಶುರು ಮಾಡಿತು. ಯುಎಸ್‌ಸಿ, ಕಾರ್ನೆಲ್ ದೊಡ್ಡ ಸಂಖ್ಯೆಯಲ್ಲಿ ತಗೋತಾವೆ. ಯಾವುದೇ ಕಾಲೇಜಿರಲಿ, ಅದರ ‘ಕಾಮನ್ ಡೇಟಾ ಸೆಟ್’ ಹುಡುಕಿ. ಡಿ ವಿಭಾಗದಲ್ಲಿ ಟ್ರಾನ್ಸ್‌ಫರ್‌ಗೆ ಅರ್ಜಿ ಎಷ್ಟು, ಆಯ್ಕೆ ಎಷ್ಟು, ಸೇರಿದವರು ಎಷ್ಟು ಅಂತ ಇರುತ್ತೆ. ನೇರ ಪ್ರವೇಶದ ಪ್ರಮಾಣ ನೋಡಿ ಟ್ರಾನ್ಸ್‌ಫರ್ ಅಳೆಯೋದು ತಪ್ಪು, ಎರಡಕ್ಕೂ ಸಂಬಂಧ ಇಲ್ಲ. ಆರ್ಥಿಕ ನೆರವನ್ನೂ ಬೇರೆಯಾಗಿ ಕೇಳಿ ತಿಳ್ಕೊಳ್ಳಿ, ವಿದೇಶಿ ಟ್ರಾನ್ಸ್‌ಫರ್ ವಿದ್ಯಾರ್ಥಿಗೆ ಕೊಡದ ಕಡೆಗಳೇ ಹೆಚ್ಚು.

ಹುಬ್ಳಿ_ಮಂದಿ
ಮೂಲ ಪ್ರಶ್ನೆಗೆ ಬರೋಣ್ರಿ. ಕಾಫಿಯವರ, ಹುಡುಗಿ ವೀಸಾ ಯಾವ್ದು? ಎಚ್-1ಬಿ ಕೆಲಸದ ವೀಸಾದವರ ಹೆಂಡ್ತಿ-ಮಕ್ಕಳಿಗೆ ಸಿಗೋ ಎಚ್-4 ಏನು?

ಕೂಪರ್ಟಿನೊ_ಕಾಫಿ
ಹೌದು, ಎಚ್-4. ಬರೋ ಮೇ ತಿಂಗಳಿಗೆ 21 ತುಂಬುತ್ತೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಅಣ್ಣ ಇನ್ನೂ ಕಾಯ್ತಿದಾನೆ.

ಹುಬ್ಳಿ_ಮಂದಿ
ಹಂಗಾದ್ರ ಸೀಟಿಗಿಂತ ಮೊದ್ಲು ಇದನ್ನ ನೋಡ್ರಿ. ಎಚ್-4 ಮ್ಯಾಲೆ ಇರೋ ಮಕ್ಕಳು ಕ್ಯಾಲಿಫೋರ್ನಿಯಾ ನಿವಾಸಿ ಅಂತ ಫೀ ಕಟ್ಟಬಹುದು, ತಂದೆತಾಯಿ ಇಲ್ಲೇ ಒಂದು ವರ್ಷದ ಮ್ಯಾಲೆ ನೆಲೆಸಿದ್ರ. 21 ತುಂಬಿದ ದಿನ ಎಚ್-4 ಮುಗೀತು. ಓದು ಮುಂದುವರಿಸಾಕ ವಿದ್ಯಾರ್ಥಿ ವೀಸಾ ಎಫ್-1ಗೆ ಹೋಗಬೇಕು, ಎಫ್-1ನವರು ನಿವಾಸಿ ಆಗಾಕ ಬರಂಗಿಲ್ಲ. ಅಂದ್ರ ಯುಸಿಯೊಳಗ ಹೊರರಾಜ್ಯದವರ ಹೆಚ್ಚುವರಿ ಶುಲ್ಕ, ವರ್ಷಕ್ಕ 30,000 ಡಾಲರ್ ಮ್ಯಾಲೆ. ಎರಡು ವರ್ಷಕ್ಕ ಲೆಕ್ಕ ಹಾಕ್ರಿ. ಕಮ್ಯುನಿಟಿ ಕಾಲೇಜಿನ ಫೀ ನಿವಾಸಿಗೆ ಯೂನಿಟ್‌ಗೆ ಬರೇ 31 ಡಾಲರ್ ಅಂತ ರೂಢಿ ಆಗಿರ್ತೈತಿ, ಅಲ್ಲಿಂದ ಇಲ್ಲಿಗೆ ಜಿಗಿದಾಗ ಮನಿ ಮಂದಿಗೆ ಸಿಡಿಲು ಬಡಿದಂಗ ಆಗ್ತೈತಿ.

ಬೆಣ್ಣೆದೋಸೆ_ದಾವಣಗೆರೆ
ಇಲ್ಲಿ ಹೈಸ್ಕೂಲ್ ಓದಿದ್ರೆ ಹೊರರಾಜ್ಯದವರ ಶುಲ್ಕದಿಂದ ಎಬಿ 540 ಅಂತ ವಿನಾಯಿತಿ ಇದೆಯಲ್ಲ?

ತುಂಗಾತೀರ
ಎಫ್-1ನಂಥ ತಾತ್ಕಾಲಿಕ ವೀಸಾದವರಿಗೆ ಅದು ಸಲ್ಲಲ್ಲ. ಸ್ಟೇಟಸ್ ಬದಲಾವಣೆ ಅರ್ಜಿ 21 ತುಂಬುವ ಮೊದಲೇ ಹೋಗಿರಬೇಕು. ಗ್ರೀನ್ ಕಾರ್ಡ್‌ಗೆ ಹಿಡಿಯೋ ವಯಸ್ಸಿನ ಲೆಕ್ಕದಲ್ಲಿ ಏನಾದ್ರೂ ಕಳೆಯೋಕೆ ಬರುತ್ತಾ ಅಂತ ವಲಸೆ ವಕೀಲರನ್ನ ಈಗಲೇ ಕೇಳಿ, ಏಪ್ರಿಲ್‌ನಲ್ಲಿ ಅಲ್ಲ. ಮತ್ತೆ ಯುಸಿಯ ಕನಿಷ್ಠ ಜಿಪಿಎ ನಿವಾಸಿಗೆ 2.4, ಹೊರಗಿನವರಿಗೆ 2.8. ಅವಳಿಗೆ ಅದು ತೊಂದರೆ ಅಲ್ಲ.

ಕಡಲತೀರ_ಉಡುಪಿ
ಡಿ ಆನ್ಜಾ ಫೀಗೆ ಒಂದು ತಿದ್ದುಪಡಿ: ಹುಬ್ಳಿಯವರು ಹೇಳಿದ 31 ಡಾಲರ್ ಕ್ವಾರ್ಟರ್ ಯೂನಿಟ್ ಲೆಕ್ಕ. ಸೆಮಿಸ್ಟರ್ ಯೂನಿಟ್‌ಗೆ 46. ಓಲೋನಿಯವರು ಓದಿ ಗಾಬರಿ ಆಗುವುದು ಬೇಡ.

ಕೂಪರ್ಟಿನೊ_ಕಾಫಿ
ಇದು ನಮ್ಮ ತಲೆಗೇ ಬಂದಿರಲಿಲ್ಲ. ಅಣ್ಣನಿಗೆ ಇವತ್ತೇ ಹೇಳ್ತೀನಿ. ಹಾಗಾದ್ರೆ ಒಟ್ಟಿನಲ್ಲಿ ಎಲ್ಲೆಲ್ಲಿ ಹಾಕೋದು?

ಗಣಿತ_ಮೇಷ್ಟ್ರು
ಬರ್ಕ್ಲಿ ಸಿಎಸ್, ಯುಸಿಎಲ್‌ಎ ಸಿಎಸ್ ಎರಡೂ ಈ ಅಂಕಪಟ್ಟಿಗೆ ದೂರದ ಗುರಿ. ಹಾಕಲಿ, ಆದರೆ ಅದರ ಮೇಲೆ ಮನೆ ಕಟ್ಟಬಾರದು. ಸ್ಯಾನ್ ಡಿಯೇಗೊ ಒಟ್ಟಾರೆ ಸುಲಭ ಅನ್ನಿಸಿದ್ರೂ ಸಿಎಸ್ ಅಲ್ಲೂ ಬಿಗಿ. ಡೇವಿಸ್, ಅರ್ವೈನ್, ಸಾಂತಾ ಕ್ರೂಜ್‌ಗಳ ಮೇಜರ್ ಪುಟ ತೆಗೆದು 3.7 ಆ ವ್ಯಾಪ್ತಿಯ ಎಲ್ಲಿ ಬೀಳುತ್ತೆ ನೋಡಿ. ಒಂದೊಂದು ಕ್ಯಾಂಪಸ್‌ಗೂ ಬೇರೆ ಬೇರೆ ಅರ್ಜಿ ಶುಲ್ಕ ಕಟ್ಟಬೇಕು, ಹಾಗಾಗಿ ಒಂಬತ್ತಕ್ಕೂ ಹಾಕೋದು ದಂಡ.

ಮೈಸೂರು_ಮಲ್ಲಿಗೆ_ಮೊಗ್ಗು
ಸ್ಯಾನ್ ಹೋಸೆ ಸ್ಟೇಟ್ ಬಿಡಬೇಡಿ. ಮನೆಯಿಂದಲೇ ಓಡಾಡಬಹುದು, ಸುತ್ತಲಿನ ಕಂಪನಿಗಳಿಗೆ ಅಲ್ಲಿಂದ ಎಷ್ಟೋ ಜನ ಹೋಗ್ತಾರೆ. ಅದು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ವ್ಯವಸ್ಥೆ, ಅರ್ಜಿ ಬೇರೆ. ಎಫ್-1 ಆದ್ರೂ ಅಲ್ಲಿನ ಹೆಚ್ಚುವರಿ ಶುಲ್ಕ ಯುಸಿಗಿಂತ ಎಷ್ಟೋ ಕಮ್ಮಿ.

ಬೆಣ್ಣೆದೋಸೆ_ದಾವಣಗೆರೆ
ಬರ್ಕ್ಲಿ ಕನಸು ಕಾಣೋ ಹುಡುಗಿಗೆ ಸ್ಯಾನ್ ಹೋಸೆ ಅಂದ್ರೆ ಬೇಜಾರಾಗಲ್ವಾ?

ಮೈಸೂರು_ಮಲ್ಲಿಗೆ_ಮೊಗ್ಗು
ಆಗಬಹುದು. ಏಪ್ರಿಲ್ ಕೊನೆಯಲ್ಲಿ ಕೈಯಲ್ಲಿ ಒಂದೂ ಸೀಟಿಲ್ಲದೆ ಕೂರೋ ಬೇಜಾರು ಇನ್ನೂ ದೊಡ್ಡದು. ಯುಸಿ ಉತ್ತರಗಳು ಏಪ್ರಿಲ್ ಮುಗಿಯೋದರೊಳಗೆ ಬಂದುಬಿಡ್ತಾವೆ, ಜೂನ್ 1ಕ್ಕೆ ಒಪ್ಪಿಗೆ ಹೇಳಬೇಕು. ಸೀಟು ಸಿಕ್ಕ ಮೇಲೂ ಮೈ ಮರೆಯೋ ಹಾಗಿಲ್ಲ. ಅರ್ಜಿಯಲ್ಲಿ ಸ್ಪ್ರಿಂಗ್‌ಗೆ ಅಂತ ತೋರಿಸಿದ ಕೋರ್ಸನ್ನ ಹೇಳದೆ ಕೇಳದೆ ಬಿಟ್ರೆ ಅದೇ ಕಾರಣಕ್ಕೆ ಸೀಟು ವಾಪಸ್ ತಗೋತಾರೆ.

ಕೂಪರ್ಟಿನೊ_ಕಾಫಿ
ಅವಳ ಹತ್ರ ಮಾತಾಡಿದೆ. ಫಾಲ್‌ಗೆ 1ಡಿ ಮತ್ತೆ ಎರಡನೇ ಇಂಗ್ಲಿಷ್ ಸಿಕ್ಕಿದೆ. ಫಿಸಿಕ್ಸ್ 4ಬಿ ತುಂಬಿದೆ, ವೇಟ್‌ಲಿಸ್ಟ್‌ನಲ್ಲಿ ನಾಲ್ಕನೆಯವಳು. ಟ್ಯಾಗ್‌ಗೆ ಸಾಂತಾ ಕ್ರೂಜ್ ಅಥವಾ ಡೇವಿಸ್, ಮ್ಯಾಟ್ರಿಕ್ಸ್ ನೋಡಿ ಈ ವಾರ ತೀರ್ಮಾನ ಮಾಡ್ತಾಳೆ.

ಗಣಿತ_ಮೇಷ್ಟ್ರು
ವೇಟ್‌ಲಿಸ್ಟ್ ನಾಲ್ಕು ಪರವಾಗಿಲ್ಲ. ಮೊದಲ ದಿನದ ಕ್ಲಾಸಿಗೆ ತಪ್ಪದೆ ಹೋಗಿ ಕೂರಲಿ, ಲ್ಯಾಬಿಗೂ. ಬರದವರ ಹೆಸರು ತೆಗೆದು ಬಂದವರನ್ನ ಸೇರಿಸ್ಕೋತಾರೆ.

ತುಂಗಾತೀರ
ಟ್ಯಾಗ್‌ನಲ್ಲಿ ಯಾವ ಮೇಜರ್ ಹಾಕ್ತಾಳೋ ನವೆಂಬರ್‌ನ ಯುಸಿ ಅರ್ಜಿಯಲ್ಲೂ ಆ ಕ್ಯಾಂಪಸ್‌ಗೆ ಅದೇ ಮೇಜರ್ ಇರಬೇಕು, ಇಲ್ಲದಿದ್ರೆ ಖಾತರಿ ರದ್ದಾಗುತ್ತೆ. ಟ್ಯಾಗ್ ಹಾಕಿದೀನಲ್ಲ ಅಂತ ಯುಸಿ ಅರ್ಜಿಯನ್ನೇ ಮರೆತವರೂ ಇದಾರೆ. ಎರಡೂ ಬೇಕು.

ಕೂಪರ್ಟಿನೊ_ಕಾಫಿ
ಬರೆದಿಟ್ಕೊಂಡೆ. 2ಎ ವಿಂಟರ್‌ನಲ್ಲಾ, ಸ್ಪ್ರಿಂಗ್‌ನಲ್ಲಾ?

ಕಡಲತೀರ_ಉಡುಪಿ
ವಿಂಟರ್‌ನಲ್ಲೇ. ಸೀಟು ಸಿಗದಿದ್ದರೆ ಸ್ಪ್ರಿಂಗ್ ಒಂದು ಕೈಯಲ್ಲಿ ಉಳಿದಿರುತ್ತದೆ.